ಗಣಿತ, ವಿಜ್ಞಾನ ನಮಗೆ ಗೊತ್ತು; ಆದರೆ ಪರೀಕ್ಷೆ ಕೇಳುವುದೇ ಬೇರೆ! ಟೆಕ್ಸಾಸಿನ ಪ್ರಾಥಮಿಕ ಶಿಕ್ಷಕರ ಪರೀಕ್ಷೆಗೆ ಸಿದ್ಧತೆ

ಪೇರ್ಲ್ಯಾಂಡ್ ಇರಲಿ, ಡಲ್ಲಾಸಿನ ಫ್ರಿಸ್ಕೊ ಇರಲಿ, ಆಸ್ಟಿನ್ನಿನ ಸೀಡರ್ ಪಾರ್ಕ್ ಇರಲಿ, ನಮ್ಮ ಕನ್ನಡ ಕುಟುಂಬಗಳು ಸೇರಿದ ಕಡೆಯೆಲ್ಲಾ ಒಂದು ಮಾತು ಬಂದೇ ಬರುತ್ತದೆ. "ಮಕ್ಕಳು ಶಾಲೆಗೆ ಹೋಗತೊಡಗಿದರು, ಇನ್ನು ನಾನೂ ಏನಾದರೂ ಮಾಡಬೇಕು. ಟೀಚರ್ ಆಗಬಹುದಾ?" ಊರಿನಲ್ಲಿ ಬಿ.ಎಸ್ಸಿ., ಬಿ.ಇ., ಎಂ.ಎಸ್ಸಿ. ಮಾಡಿ, ಮದುವೆಯಾಗಿ ಇಲ್ಲಿಗೆ ಬಂದು, ಎಂಟು ಹತ್ತು ವರ್ಷ ಮನೆ, ಮಕ್ಕಳು ಎಂದು ಕಳೆದವರು ನಮ್ಮಲ್ಲಿ ಬಹಳ ಮಂದಿ. ಅವರಿಗೆ ಶಾಲೆಯ ಕೆಲಸ ಹಲವು ರೀತಿಯಲ್ಲಿ ಒಗ್ಗುತ್ತದೆ. ಮಕ್ಕಳಿಗೆ ರಜೆ ಇದ್ದಾಗ ನಮಗೂ ರಜೆ, ಮನೆಗೆ ಹತ್ತಿರ, ಜೊತೆಗೆ ಗೌರವದ ಕೆಲಸ.

ಆದರೆ ಒಂದು ವಿಚಾರ ನಮ್ಮವರನ್ನು ಬೆಪ್ಪುಗೊಳಿಸುತ್ತದೆ. "ಗಣಿತ, ವಿಜ್ಞಾನ ಏನು ಮಹಾ, ಐದನೇ ಕ್ಲಾಸಿನ ಲೆಕ್ಕ ತಾನೇ" ಎಂದು ಹೋದವರು ಅದೇ ಭಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಯಾಕೆ ಹೀಗಾಗುತ್ತದೆ, ಹೇಗೆ ಸಿದ್ಧವಾಗಬೇಕು ಎಂಬುದನ್ನು ವಿವರವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಪರೀಕ್ಷೆ ಯಾವುದು?

ಟೆಕ್ಸಾಸಿನ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ಪ್ರಮಾಣಪತ್ರ ಕೊಡುವುದು ಟೆಕ್ಸಾಸ್ ಎಜುಕೇಶನ್ ಏಜೆನ್ಸಿ, ಅಂದರೆ ಟಿಇಎ. ನಿಯಮಗಳನ್ನು ರೂಪಿಸುವುದು 1995ರಲ್ಲಿ ಹುಟ್ಟಿದ ಎಸ್‌ಬಿಇಸಿ ಎಂಬ ಮಂಡಳಿ. ಪರೀಕ್ಷೆಗಳ ಸರಣಿಗೆ 'ಟೆಕ್ಸೆಸ್' ಎಂದು ಹೆಸರು. ಶಿಶುವಿಹಾರದಿಂದ ಆರನೇ ತರಗತಿಯವರೆಗೆ ಪಾಠ ಮಾಡುವವರು ಬರೆಯುವ ಮುಖ್ಯ ಪರೀಕ್ಷೆ 'ಕೋರ್ ಸಬ್ಜೆಕ್ಟ್ಸ್ ಇಸಿ-6'. ಅದರ ಸಂಖ್ಯೆ 391. ಇದು 2021ರ ಜನವರಿಯಲ್ಲಿ ಹಳೆಯ 291ರ ಜಾಗಕ್ಕೆ ಬಂತು. ಅಂಗಡಿಯಲ್ಲೋ ಗೆಳತಿಯ ಮನೆಯಲ್ಲೋ ಸಿಗುವ ಹಳೆಯ ಪುಸ್ತಕದ ಮೇಲೆ 291 ಎಂದಿದ್ದರೆ, ಅದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ, ಆದರೆ ಅದನ್ನೇ ನಂಬಿ ಕೂರಬೇಡಿ.

391ರಲ್ಲಿ ಐದು ಭಾಗಗಳಿವೆ: ಇಂಗ್ಲಿಷ್ ಭಾಷೆ (901), ಗಣಿತ (902), ಸಮಾಜ ಅಧ್ಯಯನ (903), ವಿಜ್ಞಾನ (904), ಮತ್ತು ಕಲೆ, ಆರೋಗ್ಯ, ದೈಹಿಕ ಶಿಕ್ಷಣ ಸೇರಿದ ಭಾಗ (905). ಗಣಿತದಲ್ಲಿ 40 ಪ್ರಶ್ನೆಗಳು, 70 ನಿಮಿಷ. ವಿಜ್ಞಾನದಲ್ಲಿ 45 ಪ್ರಶ್ನೆಗಳು, 55 ನಿಮಿಷ. ಅಂದರೆ ಗಣಿತದ ಒಂದು ಪ್ರಶ್ನೆಗೆ ಸುಮಾರು ಒಂದೂ ಮುಕ್ಕಾಲು ನಿಮಿಷ, ವಿಜ್ಞಾನಕ್ಕೆ ಒಂದೂ ಕಾಲು ನಿಮಿಷಕ್ಕಿಂತ ಸ್ವಲ್ಪ ಕಡಿಮೆ. ಅಂಕಗಳನ್ನು 100ರಿಂದ 300ರ ಅಳತೆಯಲ್ಲಿ ಕೊಡುತ್ತಾರೆ, ಪಾಸಾಗಲು ಪ್ರತಿ ಭಾಗದಲ್ಲೂ 240 ಬೇಕು. ಒಂದು ಭಾಗದಲ್ಲಿ ಹೆಚ್ಚು ಬಂದದ್ದು ಇನ್ನೊಂದರ ಕೊರತೆಯನ್ನು ತುಂಬುವುದಿಲ್ಲ. ಒಂದು ಭಾಗ ಉಳಿದುಕೊಂಡರೆ ಅದೊಂದನ್ನೇ ಮತ್ತೆ ಬರೆಯಬಹುದು.

ಶುಲ್ಕ ಇಡೀ ಪರೀಕ್ಷೆಗೆ 116 ಡಾಲರ್, ಒಂದು ಭಾಗವನ್ನು ಮತ್ತೆ ಬರೆಯಲು 58 ಡಾಲರ್. ಮತ್ತೆ ಬರೆಯುವ ಮುಂಚೆ 30 ದಿನ ಕಾಯಬೇಕು. ಬಹಳ ಮುಖ್ಯವಾದ ಮಾತು: 2015ರ ಕಾನೂನಿನ ಪ್ರಕಾರ ಒಂದು ಪರೀಕ್ಷೆಗೆ ಒಟ್ಟು ಐದು ಅವಕಾಶ ಮಾತ್ರ. ಐದೂ ಮುಗಿದರೆ ಟಿಇಎಗೆ ಕಾರಣ ತೋರಿಸಿ ವಿನಾಯಿತಿ ಕೇಳಬೇಕು. ಹಾಗಾಗಿ "ಸುಮ್ಮನೆ ಒಂದು ಸಲ ಬರೆದು ನೋಡೋಣ" ಎನ್ನುವುದು ಇಲ್ಲಿ ಒಳ್ಳೆಯ ಉಪಾಯವಲ್ಲ.

ಇದರ ಜೊತೆಗೆ ಓದು ಕಲಿಸುವ ವಿಧಾನದ ಮೇಲಿನ 'ಸೈನ್ಸ್ ಆಫ್ ಟೀಚಿಂಗ್ ರೀಡಿಂಗ್' (293) ಮತ್ತು ಬೋಧನಾ ಕ್ರಮದ ಮೇಲಿನ ಪಿಪಿಆರ್ (160) ಎಂಬ ಪರೀಕ್ಷೆಗಳೂ ಇವೆ. ಅವುಗಳ ಬಗ್ಗೆ ಬರೆಯಹೊರಟರೆ ಇನ್ನೊಂದು ಲೇಖನವೇ ಆದೀತು. ಇಲ್ಲಿ ನಾವು ಗಣಿತ, ವಿಜ್ಞಾನಗಳನ್ನು ಮಾತ್ರ ನೋಡೋಣ.

ಪುಸ್ತಕ ಕೊಳ್ಳುವ ಮುಂಚೆ

ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ನಮ್ಮವರು ಮೊದಲು ಪುಸ್ತಕ ಕೊಳ್ಳುತ್ತಾರೆ. ಅದಕ್ಕಿಂತ ಮುಂಚೆ ಆಗಬೇಕಾದ ಮೂರು ಕೆಲಸಗಳಿವೆ.

ಮೊದಲನೆಯದು ಪದವಿ. ಟೆಕ್ಸಾಸಿಗೆ ಇಲ್ಲಿನ ಬ್ಯಾಚುಲರ್ ಪದವಿ ಅಥವಾ ಅದಕ್ಕೆ ಸಮನಾದ ವಿದೇಶಿ ಪದವಿ ಬೇಕು. ನಮ್ಮ ಅಂಕಪಟ್ಟಿಗಳನ್ನು ಟಿಇಎ ಒಪ್ಪಿದ ಮೌಲ್ಯಮಾಪನ ಸಂಸ್ಥೆಗೆ ಕಳಿಸಿ, ಒಂದೊಂದು ವಿಷಯವನ್ನೂ ಬಿಡಿಸಿ ತೋರಿಸುವ ವರದಿ ತರಿಸಬೇಕು. ಒಪ್ಪಿದ ಸಂಸ್ಥೆಗಳ ಪಟ್ಟಿ ಟಿಇಎ ತಾಣದಲ್ಲಿದೆ. ಇಲ್ಲೊಂದು ತೊಡಕಿದೆ. ನಾಲ್ಕು ವರ್ಷದ ಬಿ.ಇ. ಅಥವಾ ಬಿ.ಎಸ್ಸಿ. ಮೇಲೆ ಎಂ.ಎಸ್ಸಿ. ಮಾಡಿದವರಿಗೆ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ. ಮೂರು ವರ್ಷದ ಬಿ.ಎಸ್ಸಿ., ಬಿ.ಎ., ಬಿ.ಕಾಂ. ಒಂದನ್ನೇ ಮಾಡಿದವರ ಪದವಿಯನ್ನು ಇಲ್ಲಿನ ನಾಲ್ಕು ವರ್ಷದ ಪದವಿಗೆ ಸಮ ಎಂದು ಒಪ್ಪದೇ ಇರಬಹುದು. ಆಗ ಇಲ್ಲಿನ ಕಾಲೇಜಿನಲ್ಲಿ ಇನ್ನಷ್ಟು ಓದಬೇಕಾಗುತ್ತದೆ. ಇದು ಪರೀಕ್ಷೆಗೆ ಆರು ತಿಂಗಳು ಓದಿದ ಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾಗುವುದು ಒಳ್ಳೆಯದು. ವಿಶ್ವವಿದ್ಯಾಲಯದಿಂದ ಅಂಕಪಟ್ಟಿ ಮುಚ್ಚಿದ ಲಕೋಟೆಯಲ್ಲಿ ಬರಬೇಕಾದರೆ ಸಮಯ ಹಿಡಿಯುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಮೈಸೂರಿಗೋ ಧಾರವಾಡಕ್ಕೋ ಒಂದು ಸುತ್ತು ಹೋಗಿ ಅರ್ಜಿ ಹಾಕಿ ಬನ್ನಿ, ಇಲ್ಲವೇ ಅಲ್ಲಿರುವ ಅಣ್ಣನಿಗೋ ಭಾವನಿಗೋ ಹೇಳಿ ಮಾಡಿಸಿ.

ಎರಡನೆಯದು ತರಬೇತಿ ಕಾರ್ಯಕ್ರಮ, ಇಲ್ಲಿನ ಭಾಷೆಯಲ್ಲಿ ಇಪಿಪಿ. ನಿಮ್ಮನ್ನು ಸೇರಿಸಿಕೊಂಡ ಇಪಿಪಿ ಅನುಮತಿ ಕೊಟ್ಟ ಮೇಲೆಯೇ 391ಕ್ಕೆ ಹೆಸರು ನೋಂದಾಯಿಸಲು ಆಗುವುದು. ವಿಶ್ವವಿದ್ಯಾಲಯಗಳು, ಪ್ರಾದೇಶಿಕ ಶಿಕ್ಷಣ ಸೇವಾ ಕೇಂದ್ರಗಳು, ಖಾಸಗಿ ಸಂಸ್ಥೆಗಳು ಇವನ್ನು ನಡೆಸುತ್ತವೆ. ಹ್ಯೂಸ್ಟನ್ ಕಡೆಯವರಿಗೆ ಪ್ರಾದೇಶಿಕ ಕೇಂದ್ರ ರೀಜನ್ 4, ಡಲ್ಲಾಸಿನವರಿಗೆ ರಿಚರ್ಡ್‌ಸನ್ನಿನಲ್ಲಿರುವ ರೀಜನ್ 10, ಆಸ್ಟಿನ್ನಿನವರಿಗೆ ರೀಜನ್ 13. ಪೇರ್ಲ್ಯಾಂಡಿನವರಿಗೆ ಯೂನಿವರ್ಸಿಟಿ ಆಫ್ ಹ್ಯೂಸ್ಟನ್ ಕ್ಲಿಯರ್ ಲೇಕ್‌ನ ಒಂದು ಕ್ಯಾಂಪಸ್ 2010ರಿಂದ ಊರಲ್ಲೇ ಇದೆ. ಯಾವುದಕ್ಕೆ ಸೇರುವ ಮುಂಚೆಯೂ ಒಟ್ಟು ಖರ್ಚು ಎಷ್ಟು, ಮೊದಲು ಕಟ್ಟುವುದೆಷ್ಟು, ಕೆಲಸ ಸಿಕ್ಕ ಮೇಲೆ ಕಟ್ಟುವುದೆಷ್ಟು, ಮಧ್ಯೆ ಬಿಟ್ಟರೆ ಹಣ ವಾಪಸ್ ಬರುತ್ತದೆಯೇ ಎಂದು ಬರಹದಲ್ಲಿ ಕೇಳಿಕೊಳ್ಳಿ. ಇಂಗ್ಲಿಷ್ ಪ್ರಾವೀಣ್ಯದ ನಿಯಮವೂ ಇದೆ. ಪದವಿ ಪಡೆದ ದೇಶ ಮಂಡಳಿಯ ವಿನಾಯಿತಿ ಪಟ್ಟಿಯಲ್ಲಿ ಇಲ್ಲದಿದ್ದರೆ ಟೋಫೆಲ್ ಬರೆಯಬೇಕು. ಇದನ್ನೂ ಇಪಿಪಿಯವರಲ್ಲೇ ವಿಚಾರಿಸಿ.

ಮೂರನೆಯದು ವೀಸಾ. ಎಚ್-4ರಲ್ಲಿ ಇರುವವರು ಓದಬಹುದು, ಪರೀಕ್ಷೆ ಬರೆಯಬಹುದು. ಆದರೆ ಸಂಬಳದ ಕೆಲಸಕ್ಕೆ ಇಎಡಿ ಬೇಕು. ಕೆಲವು ಎಚ್-4 ಸಂಗಾತಿಗಳಿಗೆ, ಮುಖ್ಯವಾಗಿ ಗಂಡ ಅಥವಾ ಹೆಂಡತಿಯ ಐ-140 ಮಂಜೂರಾಗಿರುವವರಿಗೆ, ಇಎಡಿ ಕೊಡುವ ನಿಯಮ 2015ರ ಮೇ 26ರಂದು ಜಾರಿಗೆ ಬಂತು. ಹೊಸ ವಿಷಯವೆಂದರೆ, 2025ರ ಅಕ್ಟೋಬರ್ 30ರಿಂದ ಸಲ್ಲಿಸಿದ ನವೀಕರಣ ಅರ್ಜಿಗಳಿಗೆ ಹಿಂದಿನಂತೆ ತಾನಾಗಿ ಅವಧಿ ಮುಂದುವರಿಯುವುದಿಲ್ಲ. ಶಾಲೆಯ ವರ್ಷ ಆಗಸ್ಟಿನಿಂದ ಮೇ ತನಕ. ಮಧ್ಯೆ ಕಾರ್ಡಿನ ಅವಧಿ ಮುಗಿದರೆ ಕ್ಲಾಸನ್ನು ಬಿಟ್ಟು ಹೊರಬರಬೇಕಾಗುತ್ತದೆ. ಆದ್ದರಿಂದ ನವೀಕರಣದ ತಾರೀಖನ್ನು ಮೊದಲೇ ಲೆಕ್ಕ ಹಾಕಿ, ನಿಮ್ಮ ವಕೀಲರೊಡನೆ ಮಾತಾಡಿ.

ಗಣಿತ: ಉತ್ತರವಲ್ಲ, ದಾರಿ

ಗಣಿತ ಭಾಗದಲ್ಲಿ ಆರು ವಿಷಯಗಳಿವೆ: ಗಣಿತ ಕಲಿಸುವ ಕ್ರಮ, ಸಂಖ್ಯೆಗಳು ಮತ್ತು ಕ್ರಿಯೆಗಳು, ವಿನ್ಯಾಸ ಮತ್ತು ಬೀಜಗಣಿತ, ರೇಖಾಗಣಿತ ಮತ್ತು ಅಳತೆ, ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ, ಗಣಿತದ ಆಲೋಚನಾ ಕ್ರಮ. ಪರದೆಯ ಮೇಲೆ ಕ್ಯಾಲ್ಕುಲೇಟರ್ ಕೊಡುತ್ತಾರೆ. ಕ್ಯಾಲ್ಕುಲೇಟರನ್ನೇ ಕೊಡುತ್ತಾರೆ ಎಂದರೆ ಗುಣಾಕಾರ ಭಾಗಾಕಾರದ ವೇಗವನ್ನು ಅವರು ಅಳೆಯುತ್ತಿಲ್ಲ ಎಂದೇ ಅರ್ಥ! ನಾವು ಮಗ್ಗಿ ಬಾಯಿಪಾಠ ಮಾಡಿ ಬಂದವರು. ಅದು ನಮ್ಮ ಬಲವೇ ಸರಿ, ಆದರೆ ಇಲ್ಲಿ ಅದಷ್ಟೇ ಸಾಲದು.

ಒಂದು ಉದಾಹರಣೆ ನೋಡಿ. ಒಂದು ಮಗು 52ರಿಂದ 27 ಕಳೆದು 35 ಎಂದು ಬರೆಯುತ್ತದೆ. ಶಿಕ್ಷಕಿ ಮೊದಲು ಏನು ಮಾಡಬೇಕು? ನಿಯಮವನ್ನು ಮತ್ತೆ ಹೇಳಿ ಇಪ್ಪತ್ತು ಲೆಕ್ಕ ಕೊಡಬೇಕೆ? ಕ್ಯಾಲ್ಕುಲೇಟರಿನಲ್ಲಿ ತಾಳೆ ನೋಡಿಸಬೇಕೆ? ಸರಿಯಾಗಿ ಮಾಡಿದ ಇನ್ನೊಂದು ಮಗುವಿನಿಂದ ಬೋರ್ಡಿನ ಮೇಲೆ ಬರೆಸಬೇಕೆ? ಅಥವಾ ಹತ್ತರ ಐದು ಕಡ್ಡಿ, ಬಿಡಿ ಎರಡು ಘನ ಕೊಟ್ಟು "ಇದರಿಂದ 27 ತೆಗೆದು ತೋರಿಸು" ಎನ್ನಬೇಕೆ? ನಮ್ಮೂರ ಶಾಲೆಯ ಅಭ್ಯಾಸದಿಂದ ಮನಸ್ಸು ಮೊದಲ ಉತ್ತರಕ್ಕೆ ಹೋಗುತ್ತದೆ. ಸರಿಯಾದದ್ದು ಕೊನೆಯದು. ಮಗುವಿಗೆ ಕಳೆಯಲು ಬರುತ್ತದೆ, ಆದರೆ ಅದು ಬಿಡಿಸ್ಥಾನದಲ್ಲಿ ದೊಡ್ಡದರಿಂದ ಚಿಕ್ಕದನ್ನು, ಅಂದರೆ 7ರಿಂದ 2ನ್ನು ಕಳೆದಿದೆ. ಎರಡು ಬಿಡಿಯಿಂದ ಏಳು ತೆಗೆಯಲು ಆಗದೆ ಒಂದು ಹತ್ತರ ಕಡ್ಡಿಯನ್ನು ಬಿಡಿಸಬೇಕಾದಾಗ, ನಾವು "ಪಕ್ಕದ ಮನೆಯಿಂದ ಸಾಲ" ಎಂದು ಕಲಿತದ್ದರ ಅರ್ಥ ಕೈಗೆ ಸಿಗುತ್ತದೆ. ಇಲ್ಲಿ ಅದಕ್ಕೆ 'ರೀಗ್ರೂಪಿಂಗ್' ಎನ್ನುತ್ತಾರೆ. ಸಾಲವೇನೂ ಇಲ್ಲ, ಇದ್ದದ್ದನ್ನೇ ಬೇರೆ ರೀತಿ ಕಟ್ಟುವುದು.

ಇನ್ನೊಂದು: 0.35 ದೊಡ್ಡದೋ 0.5 ದೊಡ್ಡದೋ? "35 ದೊಡ್ಡದು, ಹಾಗಾಗಿ 0.35" ಎಂದು ಮಗು ಹೇಳುತ್ತದೆ. "ಕೊನೆಗೊಂದು ಸೊನ್ನೆ ಹಾಕಿ 0.50 ಮಾಡಿಕೊ" ಎಂದರೆ ಉತ್ತರವೇನೋ ಬರುತ್ತದೆ, ತಿಳುವಳಿಕೆ ಬರುವುದಿಲ್ಲ. ನೂರು ಮನೆಗಳ ಚೌಕದಲ್ಲಿ 35 ಮನೆಗೆ ಬಣ್ಣ ಹಾಕಿಸಿ, ಇನ್ನೊಂದರಲ್ಲಿ ಅರ್ಧಕ್ಕೆ ಹಾಕಿಸಿದರೆ ಮಗುವೇ ನೋಡಿ ಹೇಳುತ್ತದೆ.

ಮೂರನೆಯದು ಭಿನ್ನರಾಶಿ. ಮೂರನೇ ಒಂದು ಮತ್ತು ನಾಲ್ಕನೇ ಒಂದು ಕೂಡಿಸಿ ಏಳನೇ ಎರಡು ಎನ್ನುವ ಮಗು ಎಲ್ಲಾ ದೇಶದಲ್ಲೂ ಇದೆ. ಕೂಡಲೇ ಲ.ಸಾ.ಅ. ಹೇಳಿಕೊಡುವುದಕ್ಕಿಂತ "ನಿನ್ನ ಉತ್ತರ ಮೂರನೇ ಒಂದಕ್ಕಿಂತ ದೊಡ್ಡದೋ ಚಿಕ್ಕದೋ?" ಎಂದು ಕೇಳುವುದು ಒಳ್ಳೆಯದು. ಏಳನೇ ಎರಡು ಮೂರನೇ ಒಂದಕ್ಕಿಂತ ಚಿಕ್ಕದು. ಕೂಡಿಸಿದ ಮೇಲೆ ಕಡಿಮೆಯಾಯಿತೇ! ಅಂದಾಜಿನಿಂದ ತಪ್ಪನ್ನು ಮಗುವೇ ಹಿಡಿಯುವಂತೆ ಮಾಡಿ, ಆಮೇಲೆ ಹನ್ನೆರಡು ಭಾಗದ ಪಟ್ಟಿಯಲ್ಲಿ ನಾಲ್ಕು ಮತ್ತು ಮೂರು ಸೇರಿ ಏಳಾಗುವುದನ್ನು ತೋರಿಸಬೇಕು. ಮೊದಲು ಕೈಯಲ್ಲಿ ಹಿಡಿಯುವ ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕಿ. ಈ ಮೂರು ಮೆಟ್ಟಿಲಿನ ಕ್ರಮ ನೆನಪಿದ್ದರೆ ಕಲಿಸುವ ಕ್ರಮದ ಎಷ್ಟೋ ಪ್ರಶ್ನೆಗಳಿಗೆ ದಾರಿ ಕಾಣುತ್ತದೆ.

ಸಂದರ್ಭ ನೋಡುವುದೂ ಮುಖ್ಯ. 50ನ್ನು 8ರಿಂದ ಭಾಗಿಸಿ. ಐವತ್ತು ಮಕ್ಕಳನ್ನು ಎಂಟು ಸೀಟಿನ ವ್ಯಾನುಗಳಲ್ಲಿ ಕರೆದೊಯ್ಯಬೇಕಾದರೆ ಉತ್ತರ ಏಳು. ಐವತ್ತು ಲಾಡುಗಳನ್ನು ಎಂಟು ಮಂದಿಗೆ ಹಂಚಿದರೆ ತಲೆಗೆ ಆರು, ಎರಡು ಉಳಿಯಿತು. ಐವತ್ತು ಡಾಲರನ್ನು ಎಂಟು ಮಂದಿಗೆ ಹಂಚಿದರೆ 6.25. ಲೆಕ್ಕ ಒಂದೇ, ಉತ್ತರ ಮೂರು!

ಊರಿನ ಓದಿಗೂ ಇಲ್ಲಿನ ಓದಿಗೂ ಇರುವ ಸಣ್ಣ ಪುಟ್ಟ ವ್ಯತ್ಯಾಸಗಳೂ ಕಾಲೆಳೆಯುತ್ತವೆ. ನಾವು ಲಕ್ಷ, ಕೋಟಿ ಎಂದು ಅಲ್ಪವಿರಾಮ ಹಾಕುತ್ತೇವೆ, ಇಲ್ಲಿ ಮಿಲಿಯನ್, ಬಿಲಿಯನ್. ನಮ್ಮ ಬಾಡ್‌ಮಾಸ್ ಇಲ್ಲಿ ಪೆಮ್‌ಡಾಸ್. ನಮ್ಮ ಎಚ್‌ಸಿಎಫ್ ಇಲ್ಲಿ ಜಿಸಿಎಫ್. ನಾವು ಟ್ರಪೀಜಿಯಂ ಅಥವಾ ತ್ರಾಪಿಜ್ಯ ಎಂದು ಕಲಿತದ್ದು ಇಲ್ಲಿ ಟ್ರಪೆಜಾಯ್ಡ್. ಎಲ್ಲಕ್ಕಿಂತ ಮಿಗಿಲಾಗಿ ಅಳತೆಗಳು: 3 ಅಡಿಗೆ ಒಂದು ಗಜ, 5,280 ಅಡಿಗೆ ಒಂದು ಮೈಲಿ, 16 ಔನ್ಸಿಗೆ ಒಂದು ಪೌಂಡ್, ಒಂದು ಗ್ಯಾಲನ್ನಿಗೆ 4 ಕ್ವಾರ್ಟ್, 8 ಪೈಂಟ್, 16 ಕಪ್. ನಿಕಲ್, ಡೈಮ್, ಕ್ವಾರ್ಟರ್ ನಾಣ್ಯಗಳ ಮೇಲೂ ಲೆಕ್ಕಗಳು ಬರುತ್ತವೆ. ಅಡಿಗೆಮನೆಯಲ್ಲಿ ಹಾಲಿನ ಗ್ಯಾಲನ್ ಕ್ಯಾನು, ಅಳೆಯುವ ಕಪ್ಪು ಇಟ್ಟುಕೊಂಡು ಒಂದು ಸಂಜೆ ಮಕ್ಕಳ ಜೊತೆ ಸುರಿದು ಅಳೆಯಿರಿ. ಕಾಗದದ ಪಟ್ಟಿಗಿಂತ ಚೆನ್ನಾಗಿ ನೆನಪಿರುತ್ತದೆ.

ಸುತ್ತಳತೆ ಮತ್ತು ವಿಸ್ತೀರ್ಣದ ಗೊಂದಲಕ್ಕೆ ಹಿತ್ತಲನ್ನೇ ನೋಡಿ. ಬಸಳೆ, ನುಗ್ಗೆ ಹಾಕಲು 24 ಅಡಿ ಬೇಲಿ ತಂದಿದ್ದೀರಿ ಎನ್ನಿ. 10 ಅಡಿ ಉದ್ದ 2 ಅಡಿ ಅಗಲ ಮಾಡಿದರೆ ಸಿಗುವುದು 20 ಚದರ ಅಡಿ. 6ಕ್ಕೆ 6 ಮಾಡಿದರೆ 36 ಚದರ ಅಡಿ. ಬೇಲಿ ಅಷ್ಟೇ, ಜಾಗ ಹೆಚ್ಚು. ಹೊಸ್ತಿಲ ಮುಂದಿನ ಚುಕ್ಕಿ ರಂಗೋಲಿಯಲ್ಲಿ ಸಮಮಿತಿ ಇದೆ, ಅಳಗುಳಿಮಣೆಯಲ್ಲಿ ಎಣಿಕೆಯೂ ಹಂಚಿಕೆಯೂ ಇವೆ. ನಮ್ಮ ಮನೆಯಲ್ಲಿ ಇರುವುದೆಲ್ಲಾ ಇಲ್ಲಿನ ಕ್ಲಾಸಿನಲ್ಲಿ ಕಲಿಕೆಯ ಸಾಮಗ್ರಿಯೇ.

ವಿಜ್ಞಾನ: ಮಗುವಿನ ತಪ್ಪು ಕಲ್ಪನೆಯನ್ನು ಗುರುತಿಸುವುದು

ವಿಜ್ಞಾನದಲ್ಲಿ ಹದಿನೆಂಟು ವಿಷಯಗಳಿವೆ. ಪ್ರಯೋಗ ಮತ್ತು ಸುರಕ್ಷತೆ, ವಿಜ್ಞಾನದ ಸ್ವರೂಪ, ಕಲಿಸುವ ಮತ್ತು ಅಳೆಯುವ ಕ್ರಮ, ಬಲ ಮತ್ತು ಚಲನೆ, ದ್ರವ್ಯದ ಗುಣಗಳು, ಶಕ್ತಿ, ಜೀವಿಗಳು, ಅನುವಂಶೀಯತೆ, ಹೊಂದಾಣಿಕೆ, ಪರಿಸರ, ಭೂಮಿಯ ರಚನೆ ಮತ್ತು ಚಕ್ರಗಳು, ಹವಾಮಾನ, ಸೌರವ್ಯೂಹ, ಹೀಗೆ. ಯಾವುದೂ ಬಹಳ ಆಳವಿಲ್ಲ, ಆದರೆ ಹರಹು ದೊಡ್ಡದು. ಪಿಯುಸಿಯಲ್ಲಿ ಪಿಸಿಎಂ ತೆಗೆದುಕೊಂಡು ಜೀವಶಾಸ್ತ್ರ ಬಿಟ್ಟವರು, ವಾಣಿಜ್ಯ ಓದಿದವರು ಇಲ್ಲಿ ಹೆಚ್ಚು ಸಮಯ ಕೊಡಬೇಕು.

ಪ್ರಯೋಗದ ಒಂದು ಪ್ರಶ್ನೆ ಹೀಗಿರಬಹುದು. ಒಬ್ಬ ಹುಡುಗ ಒಂದು ಕುಂಡದಲ್ಲಿ ಕಾಳು ಹಾಕಿ ಕಿಟಕಿಯಲ್ಲಿಟ್ಟು ದಿನಾ ನೀರು ಹಾಕಿದ. ಇನ್ನೊಂದನ್ನು ಕಪಾಟಿನೊಳಗೆ ಇಟ್ಟು ನೀರು ಹಾಕಲಿಲ್ಲ. ಎರಡನೆಯದು ಮೊಳೆಯಲಿಲ್ಲ. "ಕಾಳು ಮೊಳೆಯಲು ಬೆಳಕು ಬೇಕು" ಎಂದು ಬರೆದ. ತಪ್ಪೆಲ್ಲಿ? ಬೆಳಕು, ನೀರು ಎರಡನ್ನೂ ಒಟ್ಟಿಗೆ ಬದಲಿಸಿದ್ದಾನೆ. ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನೆಲ್ಲಾ ಒಂದೇ ರೀತಿ ಇಡಬೇಕು. ನಮಗೆ ಇದರ ಉತ್ತರ ಮನೆಯಲ್ಲೇ ಇದೆ. ಹೆಸರುಕಾಳನ್ನು ನೆನೆಸಿ ಬಟ್ಟೆಯಲ್ಲಿ ಕಟ್ಟಿ ಕತ್ತಲಲ್ಲಿ ಇಟ್ಟರೂ ಬೆಳಗಾಗುವಷ್ಟರಲ್ಲಿ ಮೊಳಕೆ! ಬೀಜದ ಬೇಳೆಯಲ್ಲೇ ಮೊದಲ ದಿನಗಳ ಆಹಾರ ಇರುತ್ತದೆ. ಬೆಳಕು ಬೇಕಾಗುವುದು ಆಮೇಲೆ, ಎಲೆ ಬಂದು ಗಿಡ ತನ್ನ ಆಹಾರ ತಾನೇ ಮಾಡಿಕೊಳ್ಳುವಾಗ.

ಇನ್ನೊಂದು ತಪ್ಪು ಕಲ್ಪನೆ: ತಣ್ಣನೆಯ ಲೋಟದ ಹೊರಗಿನ ನೀರು ಒಳಗಿಂದ ಒಸರಿತು ಎನ್ನುವುದು. ಹ್ಯೂಸ್ಟನ್ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಜುಲೈ ತಿಂಗಳಲ್ಲಿ ಎಸಿ ಕಾರಿನಿಂದ ಇಳಿದ ತಕ್ಷಣ ಕನ್ನಡಕ ಮಂಜಾಗುತ್ತದಲ್ಲ, ಅದೂ ಇದೇ. ಗಾಳಿಯಲ್ಲಿರುವ ನೀರಾವಿ ತಣ್ಣನೆಯ ಗಾಜಿಗೆ ತಾಗಿ ನೀರಾಯಿತು. ಲೋಟದಲ್ಲಿ ಬಣ್ಣದ ನೀರು ಹಾಕಿ, ಹೊರಗಿನ ಹನಿಗೆ ಬಣ್ಣವಿಲ್ಲ ಎಂದು ತೋರಿಸಿದರೆ ಮಗು ತಾನೇ ಒಪ್ಪುತ್ತದೆ.

ಋತುಗಳ ಪ್ರಶ್ನೆ ದೊಡ್ಡವರನ್ನೂ ಕೆಡವುತ್ತದೆ. "ಬೇಸಿಗೆಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರ" ಎನ್ನುವವರೇ ಹೆಚ್ಚು. ನಿಜವೆಂದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ಅತಿ ದೂರ ಇರುವುದು ಜುಲೈನಲ್ಲಿ, ಸುಮಾರು 15.2 ಕೋಟಿ. ನಾವು ಜನವರಿಯಲ್ಲಿ ಸ್ವೆಟರ್ ಹಾಕುತ್ತೇವೆ, ಜುಲೈನಲ್ಲಿ ಬೇಯುತ್ತೇವೆ! ಕಾರಣ ಭೂಮಿಯ ಅಕ್ಷದ ಸುಮಾರು 23.5 ಡಿಗ್ರಿ ಓರೆ. ಹಾಗೆಯೇ ಚಂದ್ರನ ಕಲೆಗಳು ಭೂಮಿಯ ನೆರಳಿನಿಂದ ಆಗುವುದಿಲ್ಲ, ನೆರಳಿನಿಂದ ಆಗುವುದು ಗ್ರಹಣ ಮಾತ್ರ. ಹುಣ್ಣಿಮೆ ಅಮಾವಾಸ್ಯೆ ನೋಡಿ ಹಬ್ಬ ಮಾಡುವ ನಮಗೆ ಇದು ಮರೆಯಬಾರದ ಪಾಠ.

ಸುರಕ್ಷತೆಯ ಪ್ರಶ್ನೆಗಳಲ್ಲಿ ಮಗುವೇ ಮೊದಲು, ಪ್ರಯೋಗ ಆಮೇಲೆ. ಗಾಜು ಒಡೆದರೆ ಮೊದಲು ಮಕ್ಕಳನ್ನು ದೂರ ಸರಿಸಬೇಕು, ಅವರ ಕೈಯಲ್ಲಿ ಚೂರು ಹೆಕ್ಕಿಸಬಾರದು. ಕಲಿಸುವ ಕ್ರಮದಲ್ಲಿ '5ಇ' ಎಂಬ ಮಾದರಿ ತಿಳಿದಿರಲಿ: ಆಸಕ್ತಿ ಹುಟ್ಟಿಸು, ಹುಡುಕಲು ಬಿಡು, ವಿವರಿಸು, ವಿಸ್ತರಿಸು, ಅಳೆ. ವಿವರಣೆ ಮೂರನೆಯದು ಎಂಬುದನ್ನು ಗಮನಿಸಿ. ನಮಗೆ ಪಾಠ ಎಂದರೆ ಮೊದಲು ವಿವರಣೆ, ಆಮೇಲೆ ಪ್ರಯೋಗ. ಇಲ್ಲಿ ಮಗು ಮೊದಲು ಮುಟ್ಟಿ ನೋಡಬೇಕು. ಹಾಗಾಗಿ "ಶಿಕ್ಷಕಿ ಮೊದಲು ವ್ಯಾಖ್ಯೆಯನ್ನು ಬೋರ್ಡಿನ ಮೇಲೆ ಬರೆಯುತ್ತಾಳೆ" ಎಂಬ ಆಯ್ಕೆ ಕಂಡರೆ ಸ್ವಲ್ಪ ಅನುಮಾನದಿಂದಲೇ ನೋಡಿ.

ಊರೇ ಪ್ರಯೋಗಶಾಲೆ

ಪುಸ್ತಕದ ಆಚೆಗೂ ಓದುವುದಿದೆ. ಡಲ್ಲಾಸಿನಿಂದ ಆಸ್ಟಿನ್ ಕಡೆಗೆ ಹರಡಿರುವ ಕಪ್ಪು ಮಣ್ಣು ನಮ್ಮ ಧಾರವಾಡ, ಗದಗ ಕಡೆಯ ಎರೆಭೂಮಿಯ ದಾಯಾದಿ. ಮಣ್ಣಿನ ಶಾಸ್ತ್ರದಲ್ಲಿ ಎರಡೂ 'ವರ್ಟಿಸಾಲ್' ವರ್ಗಕ್ಕೆ ಸೇರಿವೆ. ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೆ ಬಿರುಕು ಬಿಡುತ್ತವೆ. ಡಲ್ಲಾಸಿನವರು ಬೇಸಿಗೆಯಲ್ಲಿ ಮನೆಯ ಅಡಿಪಾಯಕ್ಕೆ ನೀರುಣಿಸುವುದು ಇದಕ್ಕೇ! ಟೆಕ್ಸಾಸಿನ ರಾಜ್ಯದ ಮಣ್ಣಿನ ಹೆಸರು 'ಹ್ಯೂಸ್ಟನ್ ಬ್ಲ್ಯಾಕ್', ಆದರೆ ಅದು ಹರಡಿರುವುದು ಹ್ಯೂಸ್ಟನ್ ನಗರದಲ್ಲಲ್ಲ, ಈ ಕಪ್ಪು ಹುಲ್ಲುಗಾವಲಿನಲ್ಲಿ. ಆಸ್ಟಿನ್ನಿನವರು ಬಾರ್ಟನ್ ಸ್ಪ್ರಿಂಗ್ಸ್‌ಗೆ ಹೋದಾಗ, ಸ್ವಲ್ಪ ಆಮ್ಲೀಯವಾದ ಮಳೆನೀರು ಸುಣ್ಣಕಲ್ಲನ್ನು ಕರಗಿಸಿ ಒಳದಾರಿ ಮಾಡಿಕೊಂಡು ಬುಗ್ಗೆಯಾಗಿ ಬರುವುದನ್ನು ಮಕ್ಕಳಿಗೆ ಹೇಳಿ. ಅದೇ ಶಿಥಿಲೀಕರಣದ ಪಾಠ.

ಪೇರ್ಲ್ಯಾಂಡಿನ ಹೆಸರಿನಲ್ಲೇ ಒಂದು ಹವಾಮಾನದ ಕಥೆ ಇದೆ. 1890ರ ದಶಕದಲ್ಲಿ ಪೇರ್ ಹಣ್ಣಿನ ಮರಗಳಿಂದ ಹೆಸರು ಪಡೆದ ಊರಿನ ತೋಟಗಳನ್ನು 1900ರ ಗ್ಯಾಲ್ವೆಸ್ಟನ್ ಚಂಡಮಾರುತ ಹಾಳುಮಾಡಿತು. 2017ರ ಹಾರ್ವೆ, 2024ರ ಬೆರಿಲ್ ನಾವೇ ಕಂಡದ್ದು. ಬೆಚ್ಚನೆಯ ಕೊಲ್ಲಿಯ ನೀರು ಚಂಡಮಾರುತಕ್ಕೆ ಶಕ್ತಿ ಕೊಡುವುದು, ನೆಲದ ಮೇಲೆ ಬಂದಾಗ ಅದು ಸೊರಗುವುದು, ನಮ್ಮ ಬಡಾವಣೆಗಳ ಮಳೆನೀರು ಕೊಳಗಳು ಇರುವುದು ಯಾಕೆ, ಇವೆಲ್ಲಾ ಪರೀಕ್ಷೆಯ ವಿಷಯಗಳೇ. ಹ್ಯೂಸ್ಟನ್ನಿನ ನ್ಯಾಚುರಲ್ ಸೈನ್ಸ್ ಮ್ಯೂಸಿಯಂ, ಸ್ಪೇಸ್ ಸೆಂಟರ್, ಡಲ್ಲಾಸಿನ ಪೆರೋ ಮ್ಯೂಸಿಯಂಗಳಿಗೆ ಮಕ್ಕಳನ್ನು ಕರೆದೊಯ್ಯುವಾಗ ನೀವೂ ಒಂದು ನೋಟ್‌ಬುಕ್ ಹಿಡಿದು ಹೋಗಿ.

ಎಂಟು ವಾರದ ಯೋಜನೆ

ದಿನಕ್ಕೆ ಒಂದೂವರೆ ಗಂಟೆ ಸಿಕ್ಕರೆ ಗಣಿತ, ವಿಜ್ಞಾನಗಳಿಗೆ ಎಂಟು ವಾರ ಇಟ್ಟುಕೊಳ್ಳಿ.

ಮೊದಲ ವಾರ: ಟೆಕ್ಸೆಸ್ ತಾಣದಲ್ಲಿ ಉಚಿತವಾಗಿ ಸಿಗುವ ಅಧಿಕೃತ ಕೈಪಿಡಿ ಓದಿ, ಅದರ ಮಾದರಿ ಪ್ರಶ್ನೆಗಳನ್ನು ಮಾಡಿ. ಯಾವ ವಿಷಯದಲ್ಲಿ ತಪ್ಪಿತು ಎಂದು ಗುರುತು ಹಾಕಿ.

ಎರಡರಿಂದ ನಾಲ್ಕನೇ ವಾರ: ಗಣಿತ. ಟಿಇಎ ಬಿಡುಗಡೆ ಮಾಡಿರುವ ಹಳೆಯ ಸ್ಟಾರ್ ಪ್ರಶ್ನೆಪತ್ರಿಕೆಗಳಲ್ಲಿ ಮೂರರಿಂದ ಆರನೇ ತರಗತಿಯವನ್ನು ಮಾಡಿ. ಪ್ರತಿ ಪ್ರಶ್ನೆಗೂ ಉತ್ತರ ಬರೆದ ಮೇಲೆ "ತಪ್ಪು ಆಯ್ಕೆಗಳನ್ನು ಮಗು ಯಾಕೆ ಆರಿಸೀತು?" ಎಂದು ಒಂದು ಸಾಲು ಬರೆಯಿರಿ. ಈ ಒಂದು ಅಭ್ಯಾಸ ಹತ್ತು ಪುಸ್ತಕಕ್ಕೆ ಸಮ.

ಐದರಿಂದ ಏಳನೇ ವಾರ: ವಿಜ್ಞಾನ. ಐದನೇ ತರಗತಿಯ ಸ್ಟಾರ್ ವಿಜ್ಞಾನ ಪತ್ರಿಕೆಯಿಂದ ಶುರು ಮಾಡಿ. ರಾಜ್ಯದ ಪಠ್ಯಕ್ರಮಕ್ಕೆ ಟೀಕ್ಸ್ ಎನ್ನುತ್ತಾರೆ. ವಿಜ್ಞಾನದ ಹೊಸ ಟೀಕ್ಸ್ 2024ರ ಆಗಸ್ಟಿನಿಂದ ಶಾಲೆಗಳಲ್ಲಿ ಜಾರಿಯಾಗಿದೆ. ಯಾವ ತರಗತಿಯಲ್ಲಿ ಏನು ಕಲಿಸುತ್ತಾರೆ ಎಂದು ಅದರಲ್ಲಿ ಒಮ್ಮೆ ಕಣ್ಣಾಡಿಸಿ.

ಎಂಟನೇ ವಾರ: ಗಡಿಯಾರ ಇಟ್ಟುಕೊಂಡು ಪೂರ್ತಿ ಅಭ್ಯಾಸ. ನಿಜವಾದ ದಿನ ಐದೂ ಭಾಗ ಸೇರಿ ನಾಲ್ಕೂ ಮುಕ್ಕಾಲು ಗಂಟೆ ಕೂರಬೇಕು. ಕೂರುವುದಕ್ಕೂ ಅಭ್ಯಾಸ ಬೇಕು!

ಓದಿನ ಜೊತೆಗೆ ಸಾಧ್ಯವಾದರೆ ಮಗುವಿನ ಶಾಲೆಯಲ್ಲಿ ಸ್ವಯಂಸೇವಕರಾಗಿ ವಾರಕ್ಕೆ ಒಂದು ಬೆಳಿಗ್ಗೆ ಹೋಗಿ. ಕೆಲಸದ ಅನುಮತಿ ಇರುವವರು ಬದಲಿ ಶಿಕ್ಷಕರಾಗಿ ಅಥವಾ ಸಹಾಯಕರಾಗಿ ಶುರು ಮಾಡಬಹುದು. ಇಲ್ಲಿನ ಕ್ಲಾಸು ಹೇಗೆ ನಡೆಯುತ್ತದೆ ಎಂದು ಕಣ್ಣಾರೆ ಕಂಡವರಿಗೆ ಕಲಿಸುವ ಕ್ರಮದ ಪ್ರಶ್ನೆಗಳು ಒಗಟಾಗಿ ಕಾಣುವುದಿಲ್ಲ.

ಪರೀಕ್ಷೆಯ ದಿನ

ನೋಂದಣಿಯಲ್ಲಿ ಕೊಟ್ಟ ಹೆಸರು, ಗುರುತಿನ ಚೀಟಿಯ ಹೆಸರು ಒಂದೇ ಇರಬೇಕು. ಇನಿಷಿಯಲ್, ಊರಿನ ಹೆಸರು, ತಂದೆಯ ಹೆಸರು, ಗಂಡನ ಹೆಸರು ಎಂದು ನಮ್ಮ ದಾಖಲೆಗಳಲ್ಲಿ ನಾಲ್ಕು ಅವತಾರ ಇರುತ್ತವೆ. ಪಾಸ್‌ಪೋರ್ಟ್, ಡ್ರೈವರ್ ಲೈಸೆನ್ಸ್, ಅಂಕಪಟ್ಟಿಗಳನ್ನು ಮೊದಲೇ ಹೋಲಿಸಿ ಸರಿಪಡಿಸಿಕೊಳ್ಳಿ.

ಪ್ರಶ್ನೆಯಲ್ಲಿ 'ಮೊದಲು', 'ಮುಂದೆ', 'ಅತ್ಯುತ್ತಮ' ಎಂಬ ಪದಗಳಿವೆಯೇ ನೋಡಿ. ನಾಲ್ಕೂ ಆಯ್ಕೆಗಳು ಒಳ್ಳೆಯವೇ ಆಗಿದ್ದು, ಮೊದಲು ಮಾಡಬೇಕಾದದ್ದು ಒಂದೇ ಇರುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವುದನ್ನೂ ಖಾಲಿ ಬಿಡಬೇಡಿ. ಲೆಕ್ಕಕ್ಕೆ ಸೇರದ, ಪರೀಕ್ಷಾರ್ಥವಾಗಿ ಇಟ್ಟ ಕೆಲವು ಪ್ರಶ್ನೆಗಳೂ ಇರುತ್ತವೆ. ವಿಚಿತ್ರವಾದ ಒಂದು ಪ್ರಶ್ನೆ ಬಂದರೆ ಎದೆಗುಂದದೆ ಮುಂದೆ ಹೋಗಿ. ಶುಲ್ಕ, ಸಮಯ, ನಿಯಮಗಳು ಆಗಾಗ ಬದಲಾಗುತ್ತವೆ. ಹೆಸರು ನೋಂದಾಯಿಸುವ ದಿನ ಅಧಿಕೃತ ತಾಣದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ಕೊನೆಯ ಮಾತು

ಹತ್ತು ವರ್ಷ ಮನೆಯಲ್ಲಿದ್ದೆ, ಎಲ್ಲಾ ಮರೆತುಹೋಗಿದೆ ಎಂದು ಹಿಂಜರಿಯುವ ನಮ್ಮ ಅಕ್ಕತಂಗಿಯರಿಗೆ, ವೃತ್ತಿ ಬದಲಿಸಬೇಕೆಂದಿರುವ ಅಣ್ಣತಮ್ಮಂದಿರಿಗೆ ನಾವು ಹೇಳುವುದಿಷ್ಟೇ. ಆ ಹತ್ತು ವರ್ಷ ವ್ಯರ್ಥವಲ್ಲ. ಮಗುವಿನ ಪಕ್ಕ ಕುಳಿತು ಹೋಂವರ್ಕ್ ಮಾಡಿಸಿದ್ದೀರಿ, "ಯಾಕಮ್ಮಾ?" ಎಂಬ ಪ್ರಶ್ನೆಗೆ ನೂರು ಸಲ ಉತ್ತರ ಹುಡುಕಿದ್ದೀರಿ. ಪರೀಕ್ಷೆ ಕೇಳುವುದು ಅದನ್ನೇ. ಗಣಿತ, ವಿಜ್ಞಾನ ನಿಮ್ಮ ಕೈಲಿದೆ, ಮಗುವಿನ ಮನಸ್ಸೂ ಗೊತ್ತಿದೆ. ಎರಡನ್ನೂ ಜೋಡಿಸುವ ಅಭ್ಯಾಸವೊಂದು ಬೇಕು.

ಹತ್ತಿರದ ಮೂರು ನಾಲ್ಕು ಮನೆಯವರು ಸೇರಿ ವಾರಕ್ಕೊಮ್ಮೆ ಒಟ್ಟಿಗೆ ಓದಿ. ಪಾಸಾದವರು ತಮ್ಮ ಪುಸ್ತಕಗಳನ್ನು ಮುಂದಿನವರಿಗೆ ದಾಟಿಸಿ. ನಾಳೆ ಯಾವುದೋ ಕ್ಲಾಸಿನಲ್ಲಿ, ಹೊಸದಾಗಿ ಬಂದು ಭಾಷೆ ತೋಚದೆ ಕುಳಿತ ಕನ್ನಡದ ಮಗುವೊಂದಕ್ಕೆ "ಏನಾಯ್ತು ಪುಟ್ಟಾ?" ಎಂದು ಕೇಳುವ ಟೀಚರ್ ಒಬ್ಬರು ಸಿಕ್ಕರೆ, ಅದಕ್ಕಿಂತ ಸಂತೋಷ ಬೇರೆ ಏನಿದೆ?

ಎಲ್ಲರಿಗೂ ಶುಭವಾಗಲಿ!